ಸಾಲು ಎಲ್ಲಿ ಮುಗಿಯುತ್ತದೆ? ಕೋಡಿಂಗ್ ಪ್ರಶ್ನೋತ್ತರ

ಪ್ರಶ್ನೆ: ಹೆಸರುಗಳ ಫೈಲೊಂದನ್ನು ಪೈಥಾನ್‌ನಲ್ಲಿ ಒಂದೊಂದೇ ಸಾಲಾಗಿ ಓದಿ ಪ್ರಿಂಟ್ ಮಾಡಿದರೆ ಪ್ರತಿ ಹೆಸರಿನ ಕೆಳಗೂ ಖಾಲಿ ಸಾಲು ಬರುತ್ತದೆ. ಹೋಲಿಸಿ ಹುಡುಕಿದರೆ, ಕಣ್ಣೆದುರೇ ಇರುವ ಹೆಸರೂ ಸಿಗುವುದಿಲ್ಲ. ಪಟ್ಟಿಯ ಕೊನೆಯ ಹೆಸರು ಮಾತ್ರ ಸಿಗುತ್ತದೆ. ಏಕೆ?
– ಬಿಸಿಎ ವಿದ್ಯಾರ್ಥಿನಿ, ಹಾಸನ

ಉತ್ತರ: ಎರಡೂ ತೊಂದರೆಗೆ ಮೂಲ ಒಂದೇ. ಎಂಟರ್ ಒತ್ತಿದಾಗಲೆಲ್ಲ ಫೈಲಿಗೆ ‘ನ್ಯೂಲೈನ್’ ಎಂಬ ಕಾಣದ ಅಕ್ಷರ ಸೇರುತ್ತದೆ. ಫಾರ್ ಲೂಪ್ ಸಾಲನ್ನು ಕೊಡುವಾಗ ಅದನ್ನೂ ಸೇರಿಸಿಯೇ ಕೊಡುತ್ತದೆ. ಪ್ರಿಂಟ್ ತನ್ನದೂ ಒಂದನ್ನು ಹಾಕುವುದರಿಂದ ನಡುವೆ ಖಾಲಿ ಸಾಲು. ಬರೀ ‘ಸವಿತಾ’ ಬೇರೆ, ಬಾಲಕ್ಕೆ ನ್ಯೂಲೈನ್ ಅಂಟಿಸಿಕೊಂಡ ‘ಸವಿತಾ’ ಬೇರೆ. ಕೊನೆಯ ಹೆಸರಿನ ನಂತರ ಎಂಟರ್ ಒತ್ತಿಲ್ಲ, ಹಾಗಾಗಿ ಅದೊಂದು ಸಿಕ್ಕಿತು. ಸಾಲನ್ನು ರೆಪ್ರ್ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿ ನೋಡಿ, ತುದಿಯಲ್ಲಿರುವ ಬ್ಯಾಕ್‌ಸ್ಲ್ಯಾಶ್-ಎನ್ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಸಾಲಿನ ತುದಿಯ ಅಕ್ಷರ ಕತ್ತರಿಸುವ ಆರ್‌ಸ್ಟ್ರಿಪ್ ಬಳಸಿ, ಅದರ ಆವರಣದಲ್ಲಿ ಬ್ಯಾಕ್‌ಸ್ಲ್ಯಾಶ್-ಎನ್ ಕೊಡಿ. ಎರಡೂ ತುದಿಯ ಸ್ಪೇಸ್, ಟ್ಯಾಬ್, ನ್ಯೂಲೈನ್‌ಗಳನ್ನೆಲ್ಲ ಕತ್ತರಿಸುವ ಬರೀ ಸ್ಟ್ರಿಪ್ಪನ್ನೇ ಎಲ್ಲ ಕಡೆ ಬರೆಯುವ ರೂಢಿ ಒಳ್ಳೆಯದಲ್ಲ. ಟ್ಯಾಬ್ ಹಾಕಿ ಬೇರ್ಪಡಿಸಿದ 4 ಕಾಲಂಗಳ ಫೈಲಿನಲ್ಲಿ ಕೊನೆಯ ಕಾಲಂ ಖಾಲಿಯಿದ್ದರೆ, ಸ್ಟ್ರಿಪ್ ತುದಿಯ ಟ್ಯಾಬನ್ನೂ ತೆಗೆದುಹಾಕುತ್ತದೆ. ಆಮೇಲೆ ಟ್ಯಾಬ್ ಇದ್ದಲ್ಲಿ ಸ್ಪ್ಲಿಟ್ ಮಾಡಿದರೆ (ಒಡೆದರೆ) ಮೂರೇ ತುಂಡು. ನಾಲ್ಕನೆಯದನ್ನು ಕೇಳಿದ ಕಡೆ ಇಂಡೆಕ್ಸ್ ಎರರ್. ಸಾವಿರ ಸಾಲು ಸಲೀಸಾಗಿ ಓದಿ ಯಾವುದೋ ಒಂದರಲ್ಲಿ ಪ್ರೋಗ್ರಾಂ ನಿಂತರೆ ಮೊದಲು ಇದನ್ನೇ ಪರೀಕ್ಷಿಸಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ಓಡುವ ಕೋಡ್ ವಿಂಡೋಸ್‌ನಲ್ಲಿ ಕನ್ನಡ ಫೈಲ್ ಓದುವಾಗ ಯೂನಿಕೋಡ್ ಡಿಕೋಡ್ ಎರರ್ ಕೊಡುತ್ತದೆ. ಕೆಲವು ಚಿಕ್ಕ ಫೈಲುಗಳಲ್ಲಿ ಎರರ್ ಇಲ್ಲ, ಆದರೆ ಅಕ್ಷರಗಳೆಲ್ಲ ಚಿತ್ರವಿಚಿತ್ರ.
– ಶಿಕ್ಷಕರು, ಧಾರವಾಡ

ಉತ್ತರ: ಫೈಲ್ ತೆರೆಯುವ ಓಪನ್‌ಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಹೇಳದಿದ್ದರೆ ಪೈಥಾನ್ 3.14ರವರೆಗಿನ ಆವೃತ್ತಿಗಳು ವಿಂಡೋಸ್‌ನ ಕೋಡ್‌ಪೇಜನ್ನು, ಎಂದರೆ ಯಾವ ಬೈಟಿಗೆ ಯಾವ ಅಕ್ಷರ ಎಂಬ ಅದರ ಪಟ್ಟಿಯನ್ನು, ಹಿಡಿಯುತ್ತವೆ, ಸಾಮಾನ್ಯವಾಗಿ 1252. ನಿಮ್ಮ ಫೈಲ್ ಇರುವುದು ಯುಟಿಎಫ್-8 ಎಂಬ ಬೇರೆ ಎನ್‌ಕೋಡಿಂಗ್‌ನಲ್ಲಿ. ಅಲ್ಲಿ ‘ಕ’ ಎಂದರೆ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) ಇ0, ಬಿ2, 95 ಎಂಬ ಮೂರು ಬೈಟು. 1252 ಆ ಒಂದೊಂದನ್ನೂ ಪ್ರತ್ಯೇಕ ಅಕ್ಷರವೆಂದು ಓದಿ, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ (a), ಮೇಲಕ್ಕೇರಿದ ಪುಟ್ಟ 2, ಒಂದು ದಪ್ಪ ಚುಕ್ಕಿ ತೋರಿಸುತ್ತದೆ.

ಎರರ್ ಕೆಲವಕ್ಕೆ ಮಾತ್ರ ಬರುವುದೇಕೆಂದರೆ, 1252ರಲ್ಲಿ ಐದು ಜಾಗ ಖಾಲಿ ಇವೆ: 81, 8ಡಿ, 8ಎಫ್, 90, 9ಡಿ. ನಮ್ಮ ಉಕಾರದ ಕೊಂಬಿನ ಕೊನೆಯ ಬೈಟು 81, ಹಲಂತದ್ದು 8ಡಿ. ‘ಕೆರೆ’, ‘ಮನೆ’ ಸದ್ದಿಲ್ಲದೆ ಕೆಡುತ್ತವೆ. ‘ಊರು’ ಬಂದೊಡನೆ ಪ್ರೋಗ್ರಾಂ ನಿಲ್ಲುತ್ತದೆ. ನಿಂತರೆ ಪುಣ್ಯ, ತಪ್ಪು ಗೊತ್ತಾಯಿತು. ಸದ್ದಿಲ್ಲದೆ ಕೆಟ್ಟದ್ದನ್ನು ಗಮನಿಸದೆ ಯುಟಿಎಫ್-8ರಲ್ಲಿ ಮತ್ತೆ ಸೇವ್ ಮಾಡಿದರೆ ಮೂಲ ಪಠ್ಯವೇ ಹಾಳು. ಓಪನ್ ಬರೆದಾಗಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ, ಲಿನಕ್ಸ್‌ನಲ್ಲೂ.

ಎಕ್ಸೆಲ್‌ನಿಂದ ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿದ ಫೈಲಿನ ಮೊದಲಿಗೆ ಬಿಒಎಂ ಎಂಬ 3 ಬೈಟು ಹೆಚ್ಚಿಗೆ ಇರುತ್ತದೆ. ಅದು ಮೊದಲ ಕಾಲಂನ ಶೀರ್ಷಿಕೆಗೆ ಅಂಟಿಕೊಳ್ಳುವುದರಿಂದ ಆ ಕಾಲಂ ಹೆಸರು ಸಿಗದೆ ಕೀ ಎರರ್ ಬರುತ್ತದೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ. ಅಂಥ ಫೈಲಿಗೆ ಯುಟಿಎಫ್-8-ಸಿಗ್ ಎಂದು ಕೊಡಿ.

ಪ್ರಶ್ನೆ: ಸ್ಟ್ರಿಂಗ್‌ನಲ್ಲಿರುವ 10 ಸಾಲಿನ ಪಠ್ಯವನ್ನು ನ್ಯೂಲೈನ್‌ನಲ್ಲಿ ಸ್ಪ್ಲಿಟ್ ಮಾಡಿದರೆ 11 ತುಂಡು ಬರುತ್ತವೆ.
– ಓದುಗರು, ಉಡುಪಿ

ಉತ್ತರ: ಹತ್ತನೆಯ ಸಾಲಿನ ಕೊನೆಯಲ್ಲೂ ನ್ಯೂಲೈನ್ ಇದೆ. ಅದರಾಚೆಯ ಖಾಲಿಯೇ ಹನ್ನೊಂದನೆಯದು. ಸ್ಪ್ಲಿಟ್‌ಲೈನ್ಸ್ ಬಳಸಿದರೆ ಹತ್ತೇ ಬರುತ್ತವೆ. ಆದರೆ ಅದು ಪುಟ ಬದಲಿಸುವ ಫಾರ್ಮ್‌ಫೀಡ್‌ನಂಥ ಚಿಹ್ನೆಗಳಲ್ಲೂ ಸಾಲನ್ನು ಒಡೆಯುತ್ತದೆ. ಪಿಡಿಎಫ್‌ನಿಂದ ತೆಗೆದ ಪಠ್ಯದಲ್ಲಿ ಫಾರ್ಮ್‌ಫೀಡ್ ಇರುವುದುಂಟು, ಆಗ ಸಾಲಿನ ಲೆಕ್ಕ ತಪ್ಪುತ್ತದೆ. ಅಂಥ ಕಡೆ ಸ್ಟ್ರಿಂಗನ್ನು, ಅದನ್ನು ಫೈಲಿನಂತೆ ಓದಿಸುವ ಐಒ ಮಾಡ್ಯೂಲಿನ ಸ್ಟ್ರಿಂಗ್‌ಐಒಗೆ ಕೊಟ್ಟು ಫಾರ್ ಲೂಪ್ ಓಡಿಸಿ, ನ್ಯೂಲೈನ್‌ನಲ್ಲಿ ಮಾತ್ರ ಒಡೆಯುತ್ತದೆ.

ಪ್ರಶ್ನೆ: ಸಿ ಭಾಷೆಯಲ್ಲಿ, ಫೈಲ್ ಮುಗಿಯಿತೇ ಎಂದು ತಿಳಿಸುವ ಎಫ್‌ಇಒಎಫ್ ‘ಹೌದು’ ಎನ್ನುವವರೆಗೆ, ಒಂದೊಂದೇ ಸಾಲು ಓದುವ ಎಫ್‌ಗೆಟ್ಸ್‌ನಿಂದ ಓದುತ್ತಿದ್ದೇನೆ. ಕೆಲವು ಫೈಲುಗಳಲ್ಲಿ ಕೊನೆಯ ಸಾಲು ಎರಡು ಸಲ ಬರುತ್ತದೆ.
– ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಫೈಲಿನ ಕೊನೆಯನ್ನು ದಾಟಿ ಓದಲು ಹೋದ ಮೇಲಷ್ಟೇ ಎಫ್‌ಇಒಎಫ್ ‘ಹೌದು’ ಎನ್ನುತ್ತದೆ. ಕೊನೆಯ ಸಾಲು ನ್ಯೂಲೈನ್‌ನಿಂದ ಮುಗಿದಿದ್ದರೆ ಎಫ್‌ಗೆಟ್ಸ್ ಅಲ್ಲಿಗೇ ನಿಲ್ಲುತ್ತದೆ, ಮುಂದೇನೂ ಇಲ್ಲವೆಂದು ಅದಕ್ಕಿನ್ನೂ ಗೊತ್ತಿಲ್ಲ. ಲೂಪ್ ಮತ್ತೊಂದು ಸುತ್ತು ಹೋಗುತ್ತದೆ, ಓದು ವಿಫಲವಾಗುತ್ತದೆ, ಓದಿದ್ದನ್ನು ಇಟ್ಟುಕೊಳ್ಳುವ ಜಾಗವಾದ ಬಫರಿನಲ್ಲಿ ಉಳಿದ ಹಳೇ ಸಾಲೇ ಮತ್ತೆ ಪ್ರಿಂಟ್ ಆಗುತ್ತದೆ. ಎಫ್‌ಗೆಟ್ಸನ್ನೇ ವೈಲ್‌ನ ಷರತ್ತಿನಲ್ಲಿಟ್ಟು, ಅದು ನಲ್ ಕೊಟ್ಟಾಗ ನಿಲ್ಲಿಸಿ. ಬಫರ್ 100 ಎಂದಿದ್ದರೆ ಒಂದು ಸಲಕ್ಕೆ ಹೆಚ್ಚೆಂದರೆ 99 ಬೈಟು ಸಿಗುತ್ತದೆ. ಕನ್ನಡದಲ್ಲಿ ಕಾಗುಣಿತದ ಚಿಹ್ನೆ, ಒತ್ತಿನ ಹಲಂತಗಳಿಗೂ ತಲಾ 3 ಬೈಟು ಬೇಕಾದ್ದರಿಂದ ಅದು 33 ಚಿಹ್ನೆಗಳಿಗೇ ಮುಗಿಯುತ್ತದೆ. ಬಫರಿನ ಕೊನೆಯಲ್ಲಿ ನ್ಯೂಲೈನ್ ಇಲ್ಲದಿದ್ದರೆ ಸಾಲು ಇನ್ನೂ ಬಾಕಿ ಇದೆ ಅಥವಾ ಫೈಲೇ ಮುಗಿದಿದೆ. ಯಾವುದು ಎಂದು ತಿಳಿಯಲು ಎಫ್‌ಇಒಎಫ್ ಅನ್ನು ಅಲ್ಲಿ ಕೇಳಿ.