ಮರಕ್ಕೆ ನೇರಳೆ, ಕಿತ್ತಳೆ ಬಣ್ಣ ಹಾಕಿದರೂ ಚಿತ್ರದಲ್ಲಿ ಕಾಡು ಕಾಡಿನ ಹಾಗೇ ಕಾಣುವುದು ಹೇಗೆ?

ತಿಳಿ ಎಲ್ಲಿ, ಗಾಢ ಎಲ್ಲಿ ಅನ್ನೋ ಲೆಕ್ಕ ಸರಿಯಾಗಿದ್ದರೆ ಸಾಕು, ಬಣ್ಣ ಯಾವುದಾದರೂ ನಡೆಯುತ್ತದೆ. ಮರದ ಆಕಾರ, ಬಿಸಿಲು ಬೀಳುವ ದಿಕ್ಕು ಇವನ್ನೆಲ್ಲ ನಮ್ಮ ಕಣ್ಣು ಹೆಚ್ಚಾಗಿ ಬೆಳಕು-ನೆರಳಿನಿಂದಲೇ ಗುರುತಿಸುತ್ತದೆ. ಕಪ್ಪು-ಬಿಳುಪು ಫೋಟೋದಲ್ಲೂ ಕಾಡು ಗೊತ್ತಾಗುತ್ತೆ ಅಲ್ವಾ?

ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆ ದಡದ ಮರಗಳನ್ನೇ ಬರೆದು ನೋಡಿ. ಕಾಂಡದ ನೆರಳಿನ ಕಡೆ ಗಾಢ ನೇರಳೆ, ಬಿಸಿಲಿನ ಕಡೆ ತಿಳಿ ಕಿತ್ತಳೆ ಹಾಕಿ. ಕಾಂಡ ದುಂಡಗೆ ಎದ್ದು ನಿಲ್ಲುತ್ತದೆ. ಎರಡೂ ಬಣ್ಣ ಒಂದೇ ಗಾಢತೆಯಲ್ಲಿದ್ದರೆ ಮಾತ್ರ ಮರ ಚಪ್ಪಟೆಯಾಗುತ್ತದೆ. ಅನುಮಾನ ಬಂದರೆ ಚಿತ್ರವನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ, ಕಪ್ಪು-ಬಿಳುಪು ಮಾಡಿ. ತಪ್ಪು ಎಲ್ಲಿದೆ ಅಂತ ತಕ್ಷಣ ಕಾಣುತ್ತದೆ.

ಇದು ಹೊಸ ಹುಚ್ಚೇನಲ್ಲ. 1888ರಲ್ಲಿ ಫ್ರಾನ್ಸಿನ ಪಾಂಟ್-ಆವೆನ್ ಊರಿನ ಹತ್ತಿರ, ಚಿತ್ರಕಾರ ಗೋಗ್ಯಾನ್ ಹೇಳಿಕೊಟ್ಟಂತೆ ಪಾಲ್ ಸೆರೂಸಿಯೆ ಎಂಬ ಇನ್ನೊಬ್ಬ ಚಿತ್ರಕಾರ ಒಂದು ಪುಟ್ಟ ಮರದ ಹಲಗೆಯ ಮೇಲೆ ಕಾಡಿನ ನೋಟವನ್ನು ಹೀಗೇ ಧೈರ್ಯದ ಬಣ್ಣಗಳಲ್ಲಿ ಬರೆದ. 1905ರ ಹೊತ್ತಿಗೆ ಮತೀಸ್, ದೆರೇನ್ ಎಂಬ ಚಿತ್ರಕಾರರು ಇದನ್ನು ಇನ್ನೂ ಮುಂದಕ್ಕೆ ಒಯ್ದರು.

ಬೆಳಕು ಹೊಳೆಯಬೇಕಾ? ಎಲ್ಲ ಬಣ್ಣವನ್ನೂ ಜೋರು ಮಾಡಬೇಡಿ, ಸುಮ್ನೆ ಕಣ್ಣು ನೋಯುತ್ತೆ ಅಷ್ಟೇ. ಸುತ್ತ ಮಂಕಾದ ನೀಲಿ ಜಾಸ್ತಿ ಇಡಿ. ನಡುವೆ ಸ್ವಲ್ಪವೇ ಕಿತ್ತಳೆ ಇಡಿ. ನೀಲಿ-ಕಿತ್ತಳೆಯಂತೆ ಒಂದಕ್ಕೊಂದು ವಿರುದ್ಧವಾದ ಬಣ್ಣಗಳು ಪಕ್ಕಪಕ್ಕ ಬಂದಾಗ ಎರಡೂ ಇನ್ನಷ್ಟು ತೀಕ್ಷ್ಣವಾಗಿ ಕಾಣುತ್ತವೆ. ಹಾಗಾಗಿ ಆ ಚೂರು ಕಿತ್ತಳೆಯೇ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಾಗುತ್ತದೆ.