ಲವೆಲಿನ್‌ನಲ್ಲಿ ಸಿಂಹ ಇಲ್ಲ, ಹುಡುಕಬೇಡಿ

ಪ್ರಶ್ನೆ: ನಾವು ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದೇವೆ. ಮಗನಿಗೆ ‘ಲೆವೆಲಿನ್’ ಎಂಬ ವೆಲ್ಷ್ ಹೆಸರಿಡುವ ಆಸೆ. ಅರ್ಥ ‘ಸಿಂಹದಂಥವನು’ ಎಂದು ಆ್ಯಪ್ ಹೇಳುತ್ತದೆ. ಮನೆದೇವರು ನರಸಿಂಹ, ಹಾಗಾಗಿ ಹೊಂದುತ್ತದಲ್ಲವೇ?

ಈ ಸಿಂಹ ನನ್ನ ಬೆನ್ನು ಬಿಡುವಂತೆ ಕಾಣುವುದಿಲ್ಲ. ವೆಲ್ಷ್‌ನಲ್ಲಿ ಸಿಂಹಕ್ಕೆ ‘ಲೆವ್’ ಎನ್ನುತ್ತಾರೆ, ನಿಜ. ಆದರೆ ಹಳೆಯ ರೂಪ ‘ಲವೆಲಿನ್’. ಸಿಂಹದ ಆಸೆಗೆ ಬಿದ್ದವರು ಮೊದಲಕ್ಷರವನ್ನು ‘ಲೆ’ ಮಾಡಿಕೊಂಡರು. ಉತ್ತರ ವೇಲ್ಸ್‌ನ ಗ್ವಿನೆಡ್ ರಾಜ್ಯದ ಅರಸರ ಲಾಂಛನದಲ್ಲಿ ನಾಲ್ಕು ಸಿಂಹಗಳಿದ್ದದ್ದು ಬೆಂಕಿಗೆ ತುಪ್ಪ ಸುರಿಯಿತು, ಅಷ್ಟೆ. ಬೆಂದಕಾಳೂರಿನ ಕಥೆ ಗೊತ್ತಲ್ಲ? ಆ ಕಥೆಯ ವೀರಬಲ್ಲಾಳ ಹುಟ್ಟುವ ಎಷ್ಟೋ ಮೊದಲೇ, ಸುಮಾರು 890ರ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಆದರೂ ಬೇಯಿಸಿದ ಕಾಳು ಇನ್ನೂ ಹಳಸಿಲ್ಲ.

ಭಾಷಾವಿದರು ಧ್ವನಿನಿಯಮ ಹಿಡಿದು ಹಿಂದಕ್ಕೆ ನಡೆದು ಮುಟ್ಟಿದ ರೂಪ ‘ಲುಗುಬೆಲಿನೋಸ್’. ಲುಗುಸ್ ಒಬ್ಬ ಕೆಲ್ಟಿಕ್ (ವೆಲ್ಷರ ಪೂರ್ವಜರ) ದೇವರು, ಬೆಲಿನೋಸ್ ಇನ್ನೊಬ್ಬ. ನಡುವಿನ ‘ಗ’ ಸವೆದುಹೋಯಿತು, ‘ಬ’ ಮೆತ್ತಗಾಗಿ ‘ವ’ ಆಯಿತು. ನಮ್ಮ ‘ಪಾಲು’ ‘ಹಾಲು’ ಆಗಲಿಲ್ಲವೇ? ಬರೀ ಊಹೆ ಎನ್ನುವವರು ಕ್ರಿಸ್ತಶಕದ ಮೊದಲ ಶತಮಾನದ ಬ್ರಿಟನ್ನಿನ ಅರಸ ಕುನೊಬೆಲಿನುಸನ ನಾಣ್ಯ ನೋಡಲಿ: ಒಂದು ಬದಿಗೆ ಬಾರ್ಲಿ ತೆನೆ, ಇನ್ನೊಂದು ಬದಿಗೆ ಕುದುರೆ, ಅದರ ಕೆಳಗೆ ಅವನ ಹೆಸರಿನ ಮೊದಲ ಅಕ್ಷರಗಳು. ಅದೇ ಹೆಸರು ವೆಲ್ಷ್‌ಗೆ ಬಂದು ‘ಕನ್ವೆಲಿನ್’ ಆಗಿದೆ. ಬಾಲ ಒಂದೇ.

ಅಂದರೆ ಇದು ಇಬ್ಬರು ದೇವರನ್ನು ಜೋಡಿಸಿದ ಹೆಸರು, ಶಿವರಾಮ, ರಾಮಕೃಷ್ಣ ಇದ್ದಹಾಗೆ. ಲುಗುಸ್ ಎಂದರೆ ‘ಬೆಳಕು’ ಎನ್ನುವವರೂ ಇದ್ದಾರೆ. ‘ಬೆಳಕು’ ಅರ್ಥದ ಹಳೆಯ ಧಾತುವಿನ ‘ಕ’ ಇಲ್ಲಿ ‘ಗ’ ಆದದ್ದು ಹೇಗೆಂದು ಅವರು ಮೊದಲು ಹೇಳಲಿ. ಹೆಸರಿನ ಆ್ಯಪ್‌ಗಳನ್ನು ದಯವಿಟ್ಟು ಫೋನಿನಿಂದ ತೆಗೆದುಹಾಕಿ.

ಅರ್ಥಕ್ಕಿಂತ ನನಗೆ ಉಚ್ಚಾರದ್ದೇ ಚಿಂತೆ. ಮೊದಲ ಧ್ವನಿ ನಮ್ಮ ‘ಲ’ ಅಲ್ಲ, ‘ಳ’ ಅಂತೂ ಅಲ್ಲವೇ ಅಲ್ಲ. ನಾಲಿಗೆಯನ್ನು ‘ಲ’ದ ಜಾಗದಲ್ಲೇ ಇಟ್ಟು, ಗಂಟಲು ನಡುಗಿಸದೆ, ಪಕ್ಕದಿಂದ ಉಸಿರು ಊದಿ. ಒತ್ತು ‘ವೆ’ ಮೇಲೆ. ಇಂಗ್ಲಿಷರ ಕಿವಿಗೆ ಅದು ‘ಫ್ಲ’ ಎಂದು ಕೇಳಿಸಿತು. ಷೇಕ್ಸ್‌ಪಿಯರನ ‘ಐದನೇ ಹೆನ್ರಿ’ಯಲ್ಲಿ ಬರುವ ಫ್ಲುಎಲೆನ್ ನಮ್ಮ ಲವೆಲಿನ್ನೇ. ನಾಮಕರಣಕ್ಕೆ ಮುಂಚೆ ಊರಿನ ಅಜ್ಜಿಗೆ ಫೋನ್ ಮಾಡಿ ಒಮ್ಮೆ ಹೇಳಿಸಿ ನೋಡಿ. ಅವರ ಬಾಯಲ್ಲಿ ಬಂದದ್ದೇ ಹುಡುಗನಿಗೆ ಉಳಿಯುವ ಹೆಸರು. ಅದು ಇಷ್ಟವಾಗದಿದ್ದರೆ ‘ರೀಸ್’ ಎಂದಿಡಿ, ಎಲ್ಲರಿಗೂ ಸಲೀಸು.

ಪ್ರಶ್ನೆ: ಸಂಖ್ಯಾಶಾಸ್ತ್ರದವರು ಈ ಹೆಸರಿಗೆ ಇನ್ನೊಂದು ‘ಎಲ್’ ಸೇರಿಸಲು ಹೇಳಿದ್ದಾರೆ. ಸೇರಿಸಲೇ?

ವೆಲ್ಷ್ ವರ್ಣಮಾಲೆಯಲ್ಲಿ ಜೋಡಿ ‘ಎಲ್’ ಒಂದೇ ಅಕ್ಷರ. ಅವರು ಅದನ್ನು ಒಂದೆಂದು ಎಣಿಸಿದರೋ ಎರಡೆಂದೋ, ದಕ್ಷಿಣೆ ಕೊಡುವ ಮೊದಲು ಕೇಳಿ.

ಪ್ರಶ್ನೆ: ಲೂಯಿಸ್ ಮತ್ತು ಲವೆಲಿನ್ ಒಂದೇ ಹೆಸರೇ?

ಅಲ್ಲ. ಲೂಯಿಸ್ ಫ್ರಾಂಕರದು. ವೆಲ್ಷ್ ಹೆಸರು ಬಾಯಿಗೆ ಹತ್ತದವರು ಅದನ್ನು ತಂದು ಅಂಟಿಸಿದರು.

ಪ್ರಶ್ನೆ: 1240ರಲ್ಲಿ ತೀರಿಕೊಂಡ ಮಹಾ ಲವೆಲಿನ್, ಮಗುವನ್ನು ತೋಳದಿಂದ ಕಾಪಾಡಿದ ತನ್ನ ನಾಯಿ ಗೆಲರ್ಟನನ್ನೇ ತಪ್ಪು ತಿಳಿದು ಕೊಂದನಂತೆ. ಬೇದ್‌ಗೆಲರ್ಟ್‌ನಲ್ಲಿ ಸಮಾಧಿಯನ್ನೂ ನೋಡಿ ಬಂದೆವು. ನಿಜವೇ?

ಆ ಸಮಾಧಿ 18ನೇ ಶತಮಾನದ ಕೊನೆಗೆ ಅಲ್ಲಿನ ಹೋಟೆಲಿನವರು ಪ್ರವಾಸಿಗಳಿಗಾಗಿ ಎಬ್ಬಿಸಿದ್ದು ಎನ್ನುತ್ತಾರೆ. ನಾಯಿಯ ಜಾಗದಲ್ಲಿ ಮುಂಗುಸಿ, ತೋಳದ ಜಾಗದಲ್ಲಿ ಹಾವು ಇಟ್ಟು ಇನ್ನೊಮ್ಮೆ ಓದಿ. ಪಂಚತಂತ್ರದಲ್ಲಿ ಓದಿದ್ದೇ ತಾನೆ?