ಹಳೆಯ ಓಪಲ್ ಬ್ರೋಚ್ ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಕಲಬುರಗಿಯ ಅಂಗಡಿಯೊಂದರಲ್ಲಿ 1950ರ ದಶಕದ್ದೆಂದು ಹೇಳಿ ಮಾರಾಟಕ್ಕಿಟ್ಟಿರುವ ಓಪಲ್ (ಒಳಗೆ ಹಲವು ಬಣ್ಣಗಳು ಮಿನುಗುವ ಹರಳು) ಮತ್ತು ವಜ್ರದ ಬ್ರೋಚನ್ನು (ಬಟ್ಟೆಗೆ ಪಿನ್ನಿನಿಂದ ಚುಚ್ಚಿಕೊಳ್ಳುವ ಒಡವೆ) ಮಗಳ ಮದುವೆಗೆ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಹರಳು ಕೂಡಿಸುವ ಕೆಲಸ ಮಾಡಿಕೊಂಡಿರುವ ನಾನು ಹೇಳುವುದಿಷ್ಟೇ: ಸುತ್ತಲಿನ ವಜ್ರಗಳ ಹೊಳಪಿಗೆ ಮನಸ್ಸು ಕೊಡುವ ಮೊದಲು ನಡುವಿನ ಓಪಲನ್ನು ನೋಡಿರಿ, ಆ ಒಡವೆಯ ಜೀವ ಇರುವುದು ಅದರಲ್ಲಿ.

ಬ್ರೋಚನ್ನು ಅಡ್ಡ ಹಿಡಿದು, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಹರಳಿನ ಅಂಚನ್ನು ನೋಡಬೇಕು. ಅಲ್ಲಿ ನೂಲು ಹಿಡಿದಂತೆ ನೇರವಾದ ಗೆರೆಯೂ ಅದರ ಕೆಳಗೆ ಕಪ್ಪು ಪದರವೂ ಕಂಡರೆ, ಅದು ತೆಳುವಾದ ಓಪಲ್ ಬಿಲ್ಲೆಯನ್ನು ಬೇರೆ ಕಲ್ಲಿಗೆ ಅಂಟಿಸಿದ ಡಬ್ಲೆಟ್ ಆಗಿರುವುದೇ ಹೆಚ್ಚು. ಅದಕ್ಕೆ ಇಡೀ ಓಪಲಿನ ಬೆಲೆ ಕೊಡಬೇಡಿ. ಬಣ್ಣಗಳು ಹಲ್ಲಿಯ ಚರ್ಮದ ಹಾಗೆ ಒಂದೇ ಅಳತೆಯ ಹುರುಪೆಗಳಾಗಿ ಜೋಡಿಸಿಕೊಂಡಿದ್ದರೆ ಅದು ಕೃತಕ ಓಪಲ್ ಎಂದು ಸಂಶಯಿಸಬೇಕು. ಅಂಥದ್ದು ಮಾರುಕಟ್ಟೆಗೆ ಬಂದದ್ದೇ 1970ರ ದಶಕದಲ್ಲಿ. ಇಥಿಯೋಪಿಯದ ವೆಲೋ ಓಪಲ್ ಎಂದು ಅಂಗಡಿಯವರು ಹೇಳಿದರೂ ಲೆಕ್ಕ ಕೂಡುವುದಿಲ್ಲ, ಏಕೆಂದರೆ ಆ ನಿಕ್ಷೇಪ ಪತ್ತೆಯಾದದ್ದು 2008ರಲ್ಲಿ. 1950ರ ದಶಕದ ಒಡವೆಗಳಲ್ಲಿ ಹೆಚ್ಚಾಗಿ ಇರುತ್ತಿದ್ದುದು ಆಸ್ಟ್ರೇಲಿಯದ ಕಲ್ಲು.

ನಮ್ಮ ಬಿಸಿಲಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಓಪಲ್ ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡ ಕಲ್ಲು. ಕೆಲವು ಕಲ್ಲುಗಳು ನೀರು ಆರಿದರೆ ಅಥವಾ ಕಾವು ಒಮ್ಮೆಲೇ ಏರಿದರೆ ಸೀಳುತ್ತವೆ. ಒಂದು ಬೇಸಿಗೆಯಲ್ಲಿ ನನ್ನ ಬಳಿಗೆ ಬಂದ ಉಂಗುರದ ಓಪಲು, ಗಾಜಿನ ಪೆಟ್ಟಿಗೆಯಲ್ಲಿ ಉರಿಯುವ ದೀಪದ ಕೆಳಗೆ ತಿಂಗಳುಗಟ್ಟಲೆ ಇದ್ದು, ಬತ್ತಿದ ಕೆರೆಯಂಗಳದಂತೆ ಬಿರುಕುಬಿಟ್ಟಿತ್ತು. ಅದನ್ನು ಸರಿಪಡಿಸುವ ವಿದ್ಯೆ ನನ್ನ ಕೈಯಲ್ಲಿರಲಿಲ್ಲ. ಆದ್ದರಿಂದ ನಿಮ್ಮ ಬ್ರೋಚನ್ನು ಬಾಗಿಲ ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿ, ಕೂದಲೆಳೆಯ ಬಿರುಕು ಇದೆಯೇ ಎಂದು ನೋಡಿರಿ.

ವಜ್ರಗಳ ಪರೀಕ್ಷೆ ಸುಲಭ, ಯಂತ್ರವಿರುವ ಯಾವ ಸರಾಫರಾದರೂ ಮಾಡಿಕೊಡುತ್ತಾರೆ. ಚಿನ್ನಕ್ಕೆ ನಮ್ಮ ಹಾಲ್‌ಮಾರ್ಕ್ ಇಲ್ಲವೆಂದು ಗಾಬರಿಯಾಗಬೇಡಿ. ಅದು ಬಂದದ್ದು 2000ದಲ್ಲಿ. ಬ್ರೋಚಿನ ಹಿಂಬದಿಯಲ್ಲಿ 750 ಎಂದು ಒತ್ತಿದ್ದರೆ ಅದು 18 ಕ್ಯಾರೆಟ್ಟಿನ ಗುರುತು, ಆದರೂ ಶುದ್ಧತೆಯನ್ನು ಯಂತ್ರದಲ್ಲಿ ನೋಡಿಸಿ, ಓಪಲ್ ಇಡಿಯೋ ಜೋಡಣೆಯೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ.

ಕೊನೆಗೆ ಹಿಂಬದಿಯ ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿರಿ. ಅದು ಸಡಿಲವಾಗಿದ್ದು ಬೆಸುಗೆ ಬೇಕಾದರೆ, ಓಪಲನ್ನು ಬಿಚ್ಚಿ ತೆಗೆಯದೆ ಬ್ರೋಚಿಗೆ ಬೆಂಕಿ ತಾಗಿಸಲು ಯಾವ ಪತ್ತಾರನಿಗೂ ಬಿಡಬೇಡಿ.